ಅತ್ತೆಯ ರವೆ, ಥಾಯ್ಲೆಂಡಿನ ಇರುವೆ

ಕೊರಟಗೆರೆ

ಥಾಯ್ಲೆಂಡಿಗೆ ಹೋಗಿ ಏನು ನೋಡಿಕೊಂಡು ಬಂದೆ ಎಂದು ನಮ್ಮ ಬೀದಿಯವರೆಲ್ಲ ಕೇಳಿದರು. ಇರುವೆ ಎಂದೆ. ಎದುರುಮನೆಯ ಜಯಮ್ಮನ ಮುಖ ಸಪ್ಪಗಾಯಿತು. "ಅಷ್ಟು ದೂರ ಓಗಿ ಇರುವೆ ನೋಡ್ಕಂಡು ಬಂದ್ರಾ ಮೇಡಮ್ಮೋರೇ? ನಮ್ಮನೆ ಬೆಲ್ಲದ ಡಬ್ಬಿ ಮುಚ್ಚಳ ತೆಗುದಿದ್ರೆ ಸಾಕಾಗಿತ್ತಲ್ಲ" ಎಂದಳು. ಸಮುದ್ರ, ಆನೆ, ಚಿನ್ನದ ಬುದ್ಧ ಯಾವುದನ್ನೂ ಸರಿಯಾಗಿ ನೋಡದೆ ಬಂದವಳು ನಾನು. ಆದರೂ ಮನಸ್ಸು ಇಷ್ಟು ತುಂಬಿ ಬಂದ ಪ್ರವಾಸ ಇನ್ನೊಂದಿಲ್ಲ.

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ಮನೆ ಕೊರಟಗೆರೆ. ಅತ್ತೆ ಶಿವಗಂಗಮ್ಮನವರದು ಪಾವಗಡ ತಾಲ್ಲೂಕಿನ ವಳ್ಳೂರು. ಅಲ್ಲಿ ಈಗ ಹೊಲಕ್ಕಿಂತ ಸೋಲಾರ್ ಹಲಗೆಗಳೇ ಜಾಸ್ತಿ, ಬಿಸಿಲೇರಿದರೆ ರಾಯಚರ್ಲು ಕಡೆಗೆಲ್ಲ ಕಪ್ಪು ಗಾಜು ಮಿಂಚುತ್ತದೆ. ಆ ಹಲಗೆಗಳ ಬೇಲಿಯಾಚೆ, ಯಾರಿಗೂ ಬೇಡವಾಗಿ ಉಳಿದ ತಂಗಡಿ ಪೊದೆಗಳ ಬುಡದಲ್ಲಿ, ಕಳೆದ ಮುಂಗಾರಿನಲ್ಲಿ ನಾನೊಂದು ಕಣಜ ಕಂಡೆ. ಅಕ್ಕಿಕಾಳಿನಷ್ಟು ಉದ್ದ, ನವಿಲಿನ ಕತ್ತಿನ ಬಣ್ಣ, ಗೂನು ಬೆನ್ನು. ಒಂದು ದೊಡ್ಡ ಕಪ್ಪಿರುವೆ, ನಮ್ಮ ಕಡೆ ಗೊದ್ದ ಅನ್ನುತ್ತಾರಲ್ಲ ಅದು, ಈ ಕಣಜವನ್ನು ಬಾಯಲ್ಲಿ ಹಿಡಿದು ಗೂಡಿನಿಂದ ಹೊರಗೆ ತಂದಿತು. ಕೊಲ್ಲಲಿಲ್ಲ. ಮೆಲ್ಲಗೆ ಮಣ್ಣಿನ ಮೇಲಿಟ್ಟು ಒಳಗೆ ಹೋಯಿತು. ನಾನು ಬಿಸಿಲಿನಲ್ಲಿ ಮಂಡಿಯೂರಿ ಕೂತು ಫೋನಿನಲ್ಲಿ ಚಿತ್ರ ತೆಗೆದೆ, ಬೇಲಿ ಕಾಯುವವನು ಬಂದು ಏನು ಕಳೆದುಕೊಂಡಿರಿ ಎಂದು ಕೇಳಿದ.

ಈ ಕಣಜದ ಬಾಳು ಹೀಗೆ. ತಾಯಿ ಗಿಡದ ಮೊಗ್ಗಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ, ಇರುವೆಯ ಗೂಡಿನ ಕಡೆ ತಲೆ ಕೂಡ ಹಾಕುವುದಿಲ್ಲ. ಒಡೆದು ಬರುವ ಮರಿ ಧೂಳಿಗಿಂತ ಚಿಕ್ಕದು. ಅದು ಎಲೆಯ ಮೇಲೆ ನಿಂತು ಕಾಯುತ್ತದೆ. ಹಾದುಹೋಗುವ ಇರುವೆಯ ಕಾಲಿಗೋ ಹೊಟ್ಟೆಗೋ ಜೋತುಬಿದ್ದು, ಜಾತ್ರೆ ದಿನ ಪಾವಗಡದ ಬಸ್ಸಿಗೆ ಜೋತುಬೀಳುವವರ ಹಾಗೆ, ಗೂಡು ಸೇರುತ್ತದೆ. ಅಲ್ಲಿ ಇರುವೆಯ ಮರಿಗೆ ಅಂಟಿಕೊಂಡು ಅದನ್ನೇ ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಇರುವೆಗಳೇ ಅದನ್ನೆತ್ತಿ ಬಾಗಿಲಾಚೆ ಬಿಡುತ್ತವೆ, ಏಕೆಂದರೆ ಅದರ ಮೈಗೆ ಆ ಮನೆಯದೇ ವಾಸನೆ. ಪಠ್ಯಪುಸ್ತಕ ಇರುವೆಯನ್ನು "ಆತಿಥೇಯ" ಎನ್ನುತ್ತದೆ. ಕರೆಯದೆ ಬಂದು ಮನೆಯ ಕೂಸನ್ನು ತಿಂದು ಹೋಗುವುದು ಯಾವ ಸೀಮೆಯ ಆತಿಥ್ಯವೋ, ಪುಸ್ತಕ ಬರೆದವರನ್ನೇ ಕೇಳಬೇಕು.

ಚಿತ್ರವನ್ನು ಅಂತರ್ಜಾಲದಲ್ಲಿ ಕೀಟಪ್ರಿಯರ ಗುಂಪೊಂದರಲ್ಲಿ ಹಾಕಿದೆ. ಈಶಾನ್ಯ ಥಾಯ್ಲೆಂಡಿನಿಂದ ಒಬ್ಬ ಸಂಶೋಧಕಿ ಉತ್ತರ ಬರೆದಳು. ಅವಳ ಕಣಜವೂ ನನ್ನದೂ ದಾಯಾದಿಗಳಂತೆ ಕಾಣುತ್ತಿದ್ದವು, ಎರಡೂ ನಂಬಿಕೊಂಡಿದ್ದು ಒಂದೇ ಕುಲದ ಗೊದ್ದವನ್ನು. ಇರುವೆಗಳು ಬೇರೆ ಬೇರೆ ನೆಲದಲ್ಲಿ ಬೇರೆಯಾಗುತ್ತ ಬಂದ ಹಾಗೆ ಕಣಜಗಳೂ ಬೆನ್ನಿಗೆ ಬಿದ್ದು ಬೇರೆಯಾದವೇ? ಇರುವೆಯ ಮನೆವಾಸನೆ ಬದಲಾದಾಗೆಲ್ಲ ಇವೂ ಬದಲಾಯಿಸಿಕೊಂಡವೇ? ತಿಂಗಳುಗಟ್ಟಲೆ ಇದನ್ನೇ ಬರೆದುಕೊಂಡೆವು. ಕೊನೆಗೆ ಅವಳು, ರಜೆಯಲ್ಲಿ ಬಂದು ನೋಡಿ, ನಮ್ಮ ಕೇಂದ್ರದಲ್ಲೇ ಇರಬಹುದು ಎಂದಳು.

ಜೊತೆಗೆ ಬರಬೇಕಿದ್ದ ನನ್ನ ಗಂಡನಿಗೆ ಶಿರಾದ ಕಚೇರಿಯಲ್ಲಿ ರಜೆ ಸಿಗಲಿಲ್ಲ. "ಅಮ್ಮನ್ನ ಕರ್ಕೊಂಡು ಹೋಗು" ಎಂದರು, ತಮಾಷೆಗೆ. ಆ ವಾರ ನಮ್ಮಲ್ಲಿಗೆ ಬಂದಿದ್ದ ಅತ್ತೆಯ ದನಿ ಒಳಗಿನಿಂದ ಬಂತು.

"ಸರೇ. ಯಾವತ್ತು ಒಲ್ಡಾದು?"

ಶಿರಾ

ಸೂಟ್‌ಕೇಸು ಶಿರಾದಲ್ಲಿ ಕೊಂಡದ್ದು. ಅಂಗಡಿಯ ಸಾಹೇಬರು ಅದನ್ನು ನೆಲಕ್ಕೆ ಕುಕ್ಕಿ ತೋರಿಸಿದರು. "ಬೇಫಿಕರ್ ತಗೊಂಡೋಗಿ ಮೇಡಂ, ಇದ್ರ ಮ್ಯಾಲೆ ಆನೆ ನಿಂತ್ರೂ ಏನೂ ಆಗಂಗಿಲ್ಲ" ಎಂದರು. ಆನೆ ನಿಲ್ಲಲಿಲ್ಲ, ಅತ್ತೆ ಕೂತರು. ಹುರಿದ ರವೆ, ಚಟ್ನಿಪುಡಿ, ಹುರಿಗಡಲೆ, ಕಡಲೆಕಾಯಿ ಬೀಜ ಎಲ್ಲ ತುರುಕಿ ಮುಚ್ಚಳ ಮುಚ್ಚಲು ಅದರ ಮೇಲೆ ಕೂತದ್ದೇ ಜಿಪ್ಪು ಬಾಯಿಬಿಟ್ಟಿತು. ಥಾಯ್ಲೆಂಡ್ ತಲುಪುವವರೆಗೆ ಅದರ ಸೊಂಟಕ್ಕೆ ನನ್ನ ಹಳೆಯ ದುಪ್ಪಟ್ಟವನ್ನು ಬಿಗಿದಿದ್ದೆವು.

ನಮ್ಮ ಅತ್ತೆ ಮಡಿವಂತರಲ್ಲ, ಆದರೆ ಬೆಳಗಿನ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ಮಾಂಸದ ವಾಸನೆ ಬಂದರೆ ಮೂರು ಮನೆ ಆಚೆ ಹೋಗಿ ನಿಲ್ಲುತ್ತಾರೆ. ಮೀನಿನ ರಸವಿಲ್ಲದೆ ಸೊಪ್ಪಿನ ಪಲ್ಯವನ್ನೂ ಮಾಡದ ದೇಶಕ್ಕೆ ಇವರನ್ನು ಕರೆದೊಯ್ಯುತ್ತಿದ್ದೆ. ಆ ರವೆಯೇ ನಮ್ಮ ಧೈರ್ಯ.

ಬ್ಯಾಂಕಾಕ್

ಸುಂಕದವರ ಮೇಜಿನ ಹತ್ತಿರ ಹುಡುಗಿಯೊಬ್ಬಳು ದುಪ್ಪಟ್ಟ ಬಿಚ್ಚಿಸಿದಳು. ರವೆ ನೋಡಿ ಸುಮ್ಮನಾದಳು, ವಿಭೂತಿ ಡಬ್ಬಿ ನೋಡಿ ಹುಬ್ಬೇರಿಸಿದಳು. ಬಿಳಿಪುಡಿ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾನು "ಪವಿತ್ರ ಬೂದಿ" ಎಂದು ತಡವರಿಸುತ್ತಿರುವಾಗಲೇ ಅತ್ತೆ ಒಂದು ಚಿಟಿಕೆ ತೆಗೆದು ಅವಳ ಹಣೆಗೆ ಎಳೆದುಬಿಟ್ಟರು.

"ಒಳ್ಳೇದಾಗ್ಲಿ ಕಣವ್ವ."

ನಮ್ಮನ್ನು ಇಲ್ಲಿಂದಲೇ ವಾಪಸು ಕಳಿಸುತ್ತಾರೆ ಎಂದುಕೊಂಡೆ. ಆ ಹುಡುಗಿ ಮಾತ್ರ ಎರಡೂ ಕೈ ಜೋಡಿಸಿ, ಬೆರಳು ಮೂಗಿಗೆ ತಾಗುವಷ್ಟು ಬಾಗಿ ನಮಸ್ಕರಿಸಿ, "ಹೋಗಿ" ಎಂದಳು. ಅವರ ಭಿಕ್ಷುಗಳೂ ಹಣೆಗೆ ಬಿಳಿಯ ಹಿಟ್ಟು ಹಚ್ಚಿ ಹರಸುತ್ತಾರೆಂದು ಆಮೇಲೆ ತಿಳಿಯಿತು. ಅತ್ತೆಗೆ ಅದನ್ನು ಹೇಳಿದರೆ, "ಅದೇ ಮತ್ತೆ, ಇವ್ರೂ ನಮ್ಮೋರೇ" ಎಂದು ಒಂದೇ ಮಾತಿನಲ್ಲಿ ಇಡೀ ದೇಶವನ್ನು ಒಳಗೆ ಹಾಕಿಕೊಂಡರು.

ಪ್ರಸ್ಥಭೂಮಿ

ಬಸ್ಸು ಈಶಾನ್ಯಕ್ಕೆ ಹತ್ತಿದಂತೆ ಹಸಿರು ಕಡಿಮೆಯಾಯಿತು. ಕೆಂಪು ಮಣ್ಣು, ಕುರುಚಲು, ಅಲ್ಲಲ್ಲಿ ಹುಣಸೆ. ಮರಗೆಣಸಿನ ಹೊಲಗಳ ಮೇಲೆ ಬಿಸಿಲು ಸುರಿಯುತ್ತಿತ್ತು. ಅತ್ತೆ ಕಿಟಕಿಗೆ ಹಣೆ ಒತ್ತಿ ನೋಡಿ, "ಏಮಮ್ಮಾ, ವಿಮಾನ ತಿರುಗಿ ಪಾವಗಡದಾಗೇ ಇಳಿಸ್ಬುಡ್ತಾ?" ಎಂದರು.

ಕೇಂದ್ರ ಎಂದರೆ ಕಾಡಿನಂಚಿನ ನಾಲ್ಕು ಮರದ ಮನೆಗಳು. ನಮ್ಮನ್ನು ಎದುರುಗೊಂಡವಳೇ ಆ ಸಂಶೋಧಕಿ. ಅವಳ ಮನೆಹೆಸರು ನನ್ನ ನಾಲಗೆಗೆ ಹೊರಳದು. ಎಲ್ಲರೂ ಅವಳನ್ನು "ಮೊತ್" ಎನ್ನುತ್ತಾರೆ, ಅವರ ಭಾಷೆಯಲ್ಲಿ ಇರುವೆ ಎಂದರ್ಥ. ಹುಟ್ಟಿದಾಗ ಅಷ್ಟು ಚಿಕ್ಕವಳಾಗಿದ್ದಳಂತೆ, ಅದಕ್ಕೇ ಅಮ್ಮ ಹಾಗೆ ಕರೆದದ್ದು. ಈಗಲೂ ದೊಡ್ಡವಳೇನಲ್ಲ. ಅಡುಗೆಯಾಕೆ ಪಾ ಸೋಮ್, ಅತ್ತೆಯ ವಯಸ್ಸಿನವಳು. "ಪಾ" ಎಂದರೆ ದೊಡ್ಡಮ್ಮ.

ಅಂಗಳದ ಮೂಲೆಯಲ್ಲಿ ಕಂಬದ ಮೇಲೊಂದು ಗೊಂಬೆಮನೆಯಂಥದು. ಅದು ಆ ಜಾಗದ ದೈವದ ಮನೆ. ಒಳಗೆ ಹೂವು, ಊದುಬತ್ತಿ, ಜೊತೆಗೆ ಕೆಂಪು ಪಾನೀಯದ ಬಾಟಲಿ, ಬಾಟಲಿಗೊಂದು ಹೀರುಗೊಳವೆ. ದೇವರು ಎತ್ತಿ ಕುಡಿಯುವುದು ಕಷ್ಟ ಎಂದು ಗೊಳವೆ ಇಟ್ಟ ಆ ಅಂತಃಕರಣಕ್ಕೆ ಅತ್ತೆ ಸೋತುಹೋದರು. ಮುಂದೆ ಪ್ರತಿ ಬೆಳಿಗ್ಗೆ ಅಂಗೈಯ ಲಿಂಗಕ್ಕೆ ಪೂಜೆ ಮುಗಿಸಿ, ಆ ಗೊಂಬೆಮನೆಗೂ ಒಂದು ಹೂ ಇಟ್ಟು ಬರತೊಡಗಿದರು.

ಮೊದಲ ಊಟದಲ್ಲೇ ಒಂದು ಅವಘಡವಾಯಿತು. ಪಾ ಸೋಮ್ ಬಿದಿರಿನ ಕುಕ್ಕೆಯಲ್ಲಿ ಅಂಟಕ್ಕಿಯ ಅನ್ನ ತಂದಿಟ್ಟಳು. ಕೈಯಲ್ಲಿ ಚಿವುಟಿ ಉಂಡೆ ಮಾಡಿ ತಿನ್ನಬೇಕು. ಅತ್ತೆಯ ಕಣ್ಣರಳಿತು. "ಅಕ್ಕಿ ಮುದ್ದೆ ಕಣಮ್ಮ ಇದು!" ಎಂದು ಉಂಡೆ ಕಟ್ಟಿ, ಚಟ್ನಿಪುಡಿಗೆ ಅದ್ದಿ, ರಾಗಿಮುದ್ದೆ ನುಂಗುವಂತೆ ಅಗಿಯದೆ ನುಂಗಿಬಿಟ್ಟರು. ರಾಗಿಮುದ್ದೆ ಜಾರುತ್ತದೆ, ಅಂಟಕ್ಕಿ ಗಂಟಲಲ್ಲೇ ಕೂರುತ್ತದೆ. ಮೊತ್ ಬೆನ್ನು ಗುದ್ದಿದಳು, ನಾನು ನೀರು ಕುಡಿಸಿದೆ, ಪಾ ಸೋಮ್ ಗೊಂಬೆಮನೆಯ ಕಡೆ ತಿರುಗಿ ಕೈಮುಗಿದಳು. ಉಂಡೆ ಇಳಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು, "ರುಚಿ ಏನೋ ಚೆಂದಾಗೈತೆ" ಎಂದರು.

ಎರಡನೆಯ ಪೆಟ್ಟು ಬಿದ್ದದ್ದು ಶುಕ್ರವಾರ. ಪಾ ಸೋಮ್ ಬಾಣಲೆಯಲ್ಲಿ ಬೆಳ್ಳಗಿನ ಕಾಳು ಹುರಿಯುತ್ತಿದ್ದಳು. ಇದ್ಯಾವ ಕಾಳು ಎಂದು ಅತ್ತೆ ಬಗ್ಗಿ ನೋಡಿದರು. ಕೆಂಪಿರುವೆಯ ಮೊಟ್ಟೆ, ಮರಿ. ಅಲ್ಲಿ ಅದು ಹಬ್ಬದ ತಿನಿಸು. ಅತ್ತೆ ಎದ್ದು ಹೋಗಿ ಜಗಲಿಯಲ್ಲಿ ಕೂತು ನನ್ನನ್ನು ಕರೆದರು.

"ಇರುವೆ ಮಕ್ಳನ್ನ ತಿಂತಾರಲ್ಲೇ ಪುಷ್ಪಾ. ಪಾಪ, ಅವು ಯಾರ್ಗೆ ಏನ್ ಮಾಡಿದ್ವು?"

ಪರದೆಮನೆ

ಮೊತ್ ಏನು ಕಟ್ಟಿಕೊಂಡು ಕೂತಿದ್ದಾಳೆಂದು ನನಗೆ ಸರಿಯಾಗಿ ತಿಳಿದದ್ದು ಅವಳ ಪರದೆಮನೆ ಕಂಡ ಮೇಲೆ. ಮೊದಲ ದಿನವೇ ನಾವು ಮೂವರೂ ಅದನ್ನು ನೋಡಿ ಬಂದಿದ್ದೆವು. ಸೊಳ್ಳೆಪರದೆಯಂಥ ಬಲೆಯ ಗೋಡೆಯೊಳಗೆ ಮಣ್ಣಿನ ತೊಟ್ಟಿ, ತೊಟ್ಟಿಯಲ್ಲಿ ಕಾಡಿನಿಂದ ಎತ್ತಿ ತಂದ ಗೊದ್ದದ ಗೂಡು. ಗೂಡಿನ ಬಾಯಿಗೆ ಒಣಎಲೆ, ಹಕ್ಕಿಯ ಪುಕ್ಕ ಒತ್ತಾಗಿ ಜೋಡಿಸಿತ್ತು, ನಮ್ಮ ವಳ್ಳೂರಿನ ಗೊದ್ದವೂ ಹೀಗೇ ಮಾಡುತ್ತದೆ. ಪಕ್ಕದಲ್ಲೊಂದು ಕುಂಡ, ತಂಗಡಿಯ ಜಾತಿಯದೇ ಗಿಡ. ಅದರ ಮೊಗ್ಗಿನಲ್ಲಿ ತಾಯಿ ಕಣಜವೊಂದು ಮೊಟ್ಟೆಯಿಟ್ಟು ಸತ್ತಿತ್ತು.

"ಇದೇ ಕೊನೆಯದು" ಎಂದಳು ಮೊತ್. ಅವಳಿಗೆ ಗೊತ್ತಿದ್ದ ಗೂಡುಗಳಿದ್ದ ಜಾಗದಲ್ಲೆಲ್ಲ ಈಗ ಮರಗೆಣಸು. ಹಿಂದಿನ ಎರಡು ಋತುಗಳಲ್ಲೂ ಮರಿಗಳು ಎಲೆಯ ಮೇಲೆ ಕಾದು ಕಾದು ಸತ್ತಿದ್ದವು, ಒಂದು ಇರುವೆಯೂ ಗಿಡ ಹತ್ತಿರಲಿಲ್ಲ. ಈ ಸಲವೂ ಹಾಗೇ ಆದರೆ ವಿಷಯ ಬದಲಾಯಿಸು, ಜೇನಿನ ಮೇಲೆ ಕೆಲಸ ಮಾಡು ಎಂದು ಅವಳ ಗುರುಗಳು ಹೇಳಿಬಿಟ್ಟಿದ್ದರು. ಇನ್ನೊಂದು ಭಯವೂ ಇತ್ತು. ಕಣಜಗಳಲ್ಲಿ ಗಂಡನ್ನು ಕೂಡದೆ ಇಟ್ಟ ಮೊಟ್ಟೆಯಿಂದ ಬರೀ ಗಂಡೇ ಹುಟ್ಟುತ್ತದೆ. ಈ ತಾಯಿ ಒಂಟಿಯಾಗಿ ಸಿಕ್ಕವಳು, ಕೂಡಿದ್ದಳೋ ಇಲ್ಲವೋ ಯಾರಿಗೆ ಗೊತ್ತು. ಮರಿಗಳು ಬದುಕಬೇಕು, ಅದರಲ್ಲೊಂದಾದರೂ ಹೆಣ್ಣಾಗಬೇಕು, ಆಗ ಮಾತ್ರ ಮುಂದಿನ ವರ್ಷ ಉಂಟು.

ಮೊತ್ ಭೂತಗನ್ನಡಿ ಕೊಟ್ಟಳು. ಎಲೆಯ ಅಂಚಿನಲ್ಲಿ ಮರಿಗಳು ಬಾಲದ ಮೇಲೆ ಎದ್ದು ನಿಂತು ತೂಗುತ್ತಿದ್ದವು. ಕೋಟಿಗಟ್ಟಲೆ ವರ್ಷಗಳಿಂದ ಹೀಗೆ ನಿಂತೇ ಬಂದ ವಂಶ. ಕೆಳಗೆ ಇರುವೆಗಳು ಕುಂಡವನ್ನು ಬಳಸಿಕೊಂಡು, ಅದು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಓಡಾಡುತ್ತಿದ್ದವು. ನನಗೆ ಆ ಮರಿಗಳ ಮೇಲೂ ಈ ಹುಡುಗಿಯ ಮೇಲೂ ಒಟ್ಟಿಗೇ ಕರುಳು ಮಿಡಿಯಿತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣಿಗೆ ಕಂಡದ್ದು ಗೊದ್ದ ಮಾತ್ರ. "ನಮ್ಮೂರ್ದೇ. ಇಲ್ ತಂದು ಕೂಡಾಕವ್ರೆ" ಎಂದರು. ಮರಿಗಳ ಕತೆ ಆಮೇಲೆ ಹೇಳಿದರಾಯಿತು ಎಂದು ನಾನೂ ಸುಮ್ಮನಾದೆ.

ಶನಿವಾರ

ಆ ದಿನ ನಾನೂ ಮೊತ್‌ಳೂ ಇನ್ನೊಂದು ತಾಯಿ ಕಣಜ ಸಿಕ್ಕೀತೇನೋ ಎಂದು ಒಂದು ಬೌದ್ಧ ಗುಡಿಯ ತೋಪಿಗೆ ಹೋದೆವು. ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ನನ್ನ ಕಾಲಿಗೆ ಒಂದು ಗೊದ್ದದ ಕಡಿತ. ಉರಿ ಮಾತ್ರ ಅಪ್ಪಟ ಪಾವಗಡದ್ದು.

ಹಿಂದಿರುಗಿದರೆ ಪರದೆಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಗೂಡಿನ ಸುತ್ತ, ಕುಂಡದ ಮಣ್ಣಿನ ಮೇಲೆ, ಗಿಡದ ಕವಲುಗಳಲ್ಲಿ ಕೂಡ ಬೆಳ್ಳಗೆ ಚೆಲ್ಲಿತ್ತು. ಬಗ್ಗಿ ಮುಟ್ಟಿ ನೋಡಿದೆ. ಹುರಿದ ರವೆ, ಸಕ್ಕರೆ.

ಶನಿವಾರ ಎಂಬುದು ನನಗೆ ಆಗ ಹೊಳೆಯಿತು. ಪಾವಗಡದ ಕಡೆ ನಮ್ಮ ಹೆಂಗಸರು ಶನಿವಾರ ಇರುವೆಗೆ ಸಕ್ಕರೆ ಬೆರೆಸಿದ ರವೆ ಹಾಕುತ್ತಾರೆ. ಶನಿಮಹಾತ್ಮನಿಗೆ ಎಳ್ಳೆಣ್ಣೆ, ಇರುವೆಗೆ ರವೆ. ಅತ್ತೆ ಮದುವೆಯಾಗಿ ಬಂದಂದಿನಿಂದ ತಪ್ಪಿಸಿದವರಲ್ಲ. ಸೂಟ್‌ಕೇಸು ಕಟ್ಟುವಾಗ ನನಗೆ ಇದು ನೆನಪಾಗಬೇಕಿತ್ತು.

ಮೊತ್ ಆ ಇರುವೆಗಳಿಗೆ ಏನು ತಿನ್ನಿಸಬೇಕು, ಎಷ್ಟು ತಿನ್ನಿಸಬೇಕು ಎಂದು ಅಳೆದು ಹಾಕುತ್ತಿದ್ದಳು. ಸಕ್ಕರೆಯ ವಾಸನೆಗೆ ಹೊರಗಿನ ಸಣ್ಣಿರುವೆಗಳು ಮುತ್ತಿದರೆ ಮರಿಗಳ ಗತಿ ಏನು? ಅವಳು ಕಿರುಚಲಿಲ್ಲ, ಅಳಲಿಲ್ಲ. ಆ ಜನರ ರೀತಿ ಅದು, ಸಿಟ್ಟು ಹೆಚ್ಚಿದಷ್ಟೂ ದನಿ ತಗ್ಗುತ್ತದೆ. "ಪರವಾಗಿಲ್ಲ" ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ. ನಾನು ಕೊರಟಗೆರೆಯವಳು, ನನ್ನ ದನಿ ಏರಿತು.

"ಅತ್ತೆ, ಕೇಳ್ದೆ ಯಾಕೆ ಮುಟ್ಟಿದ್ರಿ? ಇದೇನು ನಮ್ಮನೆ ಹಿತ್ತಲಾ? ಆ ಹುಡುಗಿ ಮೂರು ವರ್ಷದ ಕಷ್ಟ ಒಂದೇ ದಿನಕ್ಕೆ ಹಾಳಾಯ್ತಲ್ಲ!"

ಅತ್ತೆ ಸೆರಗಿನ ತುದಿ ಹಿಡಿದು ನಿಂತರು. "ಇಲ್ಲಿ ಇವ್ರ ಮಕ್ಳನ್ನೆಲ್ಲ ಉರಿದು ತಿಂತಾರೆ. ಇವು ಬ್ಯಾರೆ ಬೋನಾಗವೆ. ಶನಿವಾರ ಬ್ಯಾರೆ. ಒಂದಿಡಿ ಆಕ್ಬುಟ್ಟೆ. ನಂಗೇನ್ ಗೊತ್ತಮ್ಮ, ಇರುವೆಗೂ ಪಥ್ಯ ಐತೆ ಅಂತ" ಎಂದರು. ಅಂದು ಅವರು ಊಟಕ್ಕೆ ಬರಲಿಲ್ಲ. ಪಾ ಸೋಮ್ ಎರಡು ಸಲ ಹೋಗಿ ಕರೆದಳು, ಆಮೇಲೆ ಬಾಳೆಹಣ್ಣು ಇಟ್ಟು ಬಂದಳು.

ಭಾನುವಾರ

ಬೆಳಿಗ್ಗೆ ಬ್ರಷ್ಷು, ಒದ್ದೆಬಟ್ಟೆ ಹಿಡಿದು ರವೆ ಬಳಿದು ತೆಗೆಯಲು ಹೋದೆವು. ಮೊತ್ ಬಾಗಿಲಲ್ಲೇ ನಿಂತು ನನ್ನ ಕೈ ಹಿಡಿದಳು.

ಗಿಡದ ಮೇಲೆ ಗೊದ್ದಗಳಿದ್ದವು. ಒಂದೆರಡಲ್ಲ, ಸಾಲು. ಬೆಳಗಿನ ಇಬ್ಬನಿಗೆ ಕವಲುಗಳಲ್ಲಿ ಸಕ್ಕರೆ ಕರಗಿ ಅಂಟಾಗಿತ್ತು, ಅದನ್ನು ನೆಕ್ಕಲು ಹತ್ತಿದ್ದವು. ಕೆಲವು ರವೆಯ ಕಾಳನ್ನು ಎತ್ತಿಕೊಂಡು ಇಳಿಯುತ್ತಿದ್ದವು. ಮೊತ್ ಇಳಿಯುತ್ತಿದ್ದ ಒಂದನ್ನು ಮೆಲ್ಲಗೆ ಗಾಜಿನ ನಳಿಗೆಯಲ್ಲಿ ಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ತುಂಬಿತ್ತು. ನಾನು ನೋಡಿದೆ. ಇರುವೆಯ ಸೊಂಟದ ಹತ್ತಿರ, ಜೇನಿನ ಬಣ್ಣದ ಚುಕ್ಕೆಯೊಂದು ಕಚ್ಚಿಕೊಂಡು ಕೂತಿತ್ತು.

ಇಷ್ಟು ದಿನ ಅವು ಏಕೆ ಹತ್ತಲಿಲ್ಲ ಎಂಬುದು ಆಮೇಲೆ ಇಬ್ಬರೂ ಕೂತು ಮಾತಾಡುವಾಗ ಬಯಲಾಯಿತು. ವಳ್ಳೂರಿನ ತಂಗಡಿಯ ತುಂಬ ಹಿಟ್ಟುತಿಗಣೆ ಎಂದೆ. ಎಲೆಯ ರಸ ಹೀರಿ ಸಿಹಿನೀರು ಸುರಿಸುವ ಆ ಬಿಳಿಯ ಹುಳುವಿಗಾಗಿ ಅಲ್ಲಿ ಇರುವೆಗಳು ಹಗಲೆಲ್ಲ ಹತ್ತಿ ಇಳಿಯುತ್ತವೆ. ಮೊತ್ ತಲೆಗೆ ಕೈಯಿಟ್ಟಳು. ಕುಂಡದ ಗಿಡಕ್ಕೂ ಆ ತಿಗಣೆ ಬಂದಿತ್ತಂತೆ. ರೋಗವೆಂದು ಅವಳು ಪ್ರತಿ ವರ್ಷವೂ ಸೋಪುನೀರಿನಲ್ಲಿ ಎಲೆ ಎಲೆ ತೊಳೆದಿದ್ದಳು. ಬಾಣಂತಿಯ ಕೋಣೆ ಗುಡಿಸಿದ ಹಾಗೆ ಶುಚಿ ಮಾಡಿ, ಇರುವೆ ಬರುವ ಕಾರಣವನ್ನೇ ತೊಳೆದುಹಾಕಿದ್ದಳು. ತಾಯಿ ಕಣಜ ಗೂಡನ್ನು ಹುಡುಕುವುದಿಲ್ಲ, ಇರುವೆ ಬಂದೇ ಬರುವ ಗಿಡವನ್ನು ಹುಡುಕುತ್ತಾಳೆ. ಸಾವಿರ ಸಾವಿರ ತಲೆಮಾರಿನಲ್ಲಿ ಯಾವ ತಾಯಿ ಸರಿಯಾದ ಗಿಡ ಆರಿಸಿದಳೋ ಅವಳ ಮಕ್ಕಳಷ್ಟೇ ಉಳಿದು ಈ ಬುದ್ಧಿ ಹೊತ್ತು ಬಂದಿವೆ. ವಿಕಾಸ ಎಂದು ನಾನು ಮಧುಗಿರಿಯಲ್ಲಿ ಹಲಗೆಯ ಮೇಲೆ ಬರೆಯುವುದು ಇದನ್ನೇ. ಅಂದು ಅದು ನನಗೆ ಮೊದಲ ಸಲ ಮೈಗೆ ತಾಗಿತು.

ಪ್ರಯೋಗವೇನೋ ಕೆಟ್ಟಿತ್ತು. ರವೆ ಸಕ್ಕರೆ ಹಾಕಿದ ಗೂಡಿನ ಲೆಕ್ಕವನ್ನು ಯಾವ ಪತ್ರಿಕೆಯೂ ಒಪ್ಪದು, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. "ಮಾಡುತ್ತೇನೆ" ಎಂದಳು ಮೊತ್. ಈ ಸಲ ನಿಜವಾಗಿ ನಕ್ಕಳು. ಓಡಿಹೋಗಿ ಅತ್ತೆಯ ಕಾಲಿಗೆ ಬಿದ್ದಳು.

ಅತ್ತೆಗೆ ಗಾಬರಿ. "ಯಾಕಂತೆ? ಏನಾಯ್ತು?" ಎಂದರು. ಸಂತೋಷದಲ್ಲಿ ನಾನು ಇಡೀ ಕತೆಯನ್ನು ಹೇಳಿಬಿಟ್ಟೆ. ಮರಿ ಹೇಗೆ ಜೋತುಬೀಳುತ್ತದೆ, ಹೇಗೆ ಗೂಡು ಸೇರುತ್ತದೆ, ಯಾವುದನ್ನು ತಿಂದು ಬೆಳೆಯುತ್ತದೆ. ಹೇಳುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು.

"ಅಂದ್ರೆ? ಗೊದ್ದದ ಮಕ್ಳನ್ನ ತಿನ್ನೋದಾ ಅದು?"

"ಹೂಂ ಅತ್ತೆ."

"ಉಣ್ಲಿ ಅಂತ ಆಕ್ದೋಳು ನಾನು. ಕಳ್ಳಂಗೆ ಬಾಗ್ಲು ತೋರ್ಸಿ ಕೊಟ್ಟಂಗಾಯ್ತಲ್ಲೇ!"

ಗೂಡು ಸಾಯುವುದಿಲ್ಲ, ಕೆಲವು ಮರಿ ಮಾತ್ರ ಹೋಗುತ್ತವೆ, ಇದು ಎಂದಿನಿಂದಲೋ ನಡೆದುಬಂದದ್ದು ಎಂದೆ. "ನಿನ್ ಪಾಠ ಕಾಲೇಜಾಗೆ ಯೋಳು" ಎಂದರು.

ತೋಪು

ಹೊರಡುವ ಹಿಂದಿನ ದಿನ ಪಾ ಸೋಮ್ ಅತ್ತೆಯ ಕೈಹಿಡಿದು ಮಾವಿನ ತೋಪಿಗೆ ಕರೆದೊಯ್ದಳು. ನಾವಿಬ್ಬರೂ ಹಿಂದೆ ಹೋದೆವು. ಅವಳು ಉದ್ದನೆಯ ಬಿದಿರಿನ ತುದಿಗೆ ಬುಟ್ಟಿ ಕಟ್ಟಿ ಮಾವಿನ ಮರದ ಎಲೆಗೂಡನ್ನು ತಿವಿದು ಅಲುಗಿಸಿದಳು. ಬುಟ್ಟಿಗೆ ಮೊಟ್ಟೆ, ಮರಿ, ಕೆಂಪಿರುವೆ ಎಲ್ಲ ಉದುರಿದವು. ಅದರ ಮೇಲೆ ಮರಗೆಣಸಿನ ಹಿಟ್ಟು ಉದುರಿಸಿದಳು. ಇರುವೆಗಳು ಹಿಡಿದ ಮರಿಗಳನ್ನು ಬಿಟ್ಟು ಜಾರಿದವು, ಅವನ್ನು ಮರದ ಬುಡಕ್ಕೇ ಸುರಿದಳು. ಅವು ಸಾಲಾಗಿ ಮರ ಹತ್ತಿದವು. ಗೂಡಿನ ಅರ್ಧವನ್ನು ಅವಳು ಮುಟ್ಟಿರಲಿಲ್ಲ.

ಅವಳು ಏನೋ ಹೇಳಿದಳು, ಮೊತ್ ಇಂಗ್ಲಿಷ್ ಮಾಡಿದಳು, ನಾನು ಕನ್ನಡ ಮಾಡಿದೆ. "ಪೂರ್ತಿ ತೆಗೆದೋಳು ನಾಳೆ ಹಸಿದುಕೊಂಡು ಬರ್ತಾಳೆ. ನಮ್ಮಮ್ಮ ಇದೇ ಮರದಲ್ಲಿ ತೆಗೀತಿದ್ಲು."

ಅತ್ತೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಇರುವೆಗಳು ಆಗಲೇ ಹರಿದ ಎಲೆಯನ್ನು ಎಳೆದು ಹೊಲಿಯತೊಡಗಿದ್ದವು.

"ಆ ಕಣಜಾನೂ ಅಂಗೇನಾ? ಬಿಟ್ಟು ತಿಂತೈತಾ?"

"ಬಿಡದೆ ತಿಂದ ಕಣಜ ಎಂದೋ ಇಲ್ಲವಾಗಿದೆ ಅತ್ತೆ. ಗೂಡು ಹೋದರೆ ಅದರ ಮಕ್ಕಳಿಗೂ ಮನೆಯಿಲ್ಲ."

ಹಿಂದಿರುಗುವಾಗ ಅತ್ತೆ ಪಾ ಸೋಮ್‌ಳ ಬುಟ್ಟಿಯ ಒಂದು ಕಿವಿಯನ್ನು ತಾವು ಹಿಡಿದುಕೊಂಡಿದ್ದರು. ಉಳಿದ ರವೆಯನ್ನೆಲ್ಲ ಅವಳ ಅಡುಗೆಮನೆಯಲ್ಲೇ ಬಿಟ್ಟು ಬಂದೆವು.

ವಳ್ಳೂರು

ಊರಿಗೆ ಬಂದ ಮೇಲೆ ಮಳೆ ಹಿಡಿಯಿತು. ಮೊತ್‌ಳಿಂದ ಸುದ್ದಿ ಬರುತ್ತಲೇ ಇತ್ತು. ಮರಿಗಳು ಗೂಡು ಸೇರಿವೆ. ಇರುವೆಯ ಕೋಶಗಳಲ್ಲಿ ಕೆಲವು ಬೇರೆ ಬಣ್ಣಕ್ಕೆ ತಿರುಗಿವೆ. ಆಮೇಲೆ ಒಂದು ದಿನ ಮೊದಲ ಕಣಜ ಹೊರಬಂತು. ಗಂಡು. ಮರುದಿನ ಇನ್ನೊಂದು, ಅದೂ ಗಂಡು. ಮತ್ತೆ ಗಂಡು. ಗಂಡು ಮೊದಲು ಬರುವುದು ವಾಡಿಕೆ ಎಂದು ಅವಳು ಬರೆದಳು. ಆದರೆ ಅವಳ ಬರಹ ದಿನದಿನಕ್ಕೆ ಚಿಕ್ಕದಾಗುತ್ತಿತ್ತು.

ಅತ್ತೆ ಶನಿವಾರ ಇರುವೆಗೆ ರವೆ ಹಾಕುವುದನ್ನು ನಿಲ್ಲಿಸಿದ್ದರು. ಕೇಳಿದರೆ "ಯಾರ್ ಬಾಯಿಗೆ ಓಯ್ತೈತೋ" ಎನ್ನುತ್ತಿದ್ದರು. ಆದರೆ ನಾನು ವಳ್ಳೂರಿಗೆ ಹೋದಾಗಲೆಲ್ಲ ಮೊದಲ ಪ್ರಶ್ನೆ ಅದೇ.

"ಏನಂತೆ ಅಲ್ಲಿ?"

"ಇನ್ನೂ ಗಂಡೇ ಅತ್ತೆ."

"ಬರೀ ಗಂಡ್ ಕಟ್ಕಂಡು ಏನ್ ಮಾಡ್ಬೇಕು ಆ ಉಡ್ಗಿ" ಎಂದು ಅವರು ಬಿತ್ತನೆಯ ಕಡಲೆಕಾಯಿ ಸುಲಿಯುತ್ತ ನಿಟ್ಟುಸಿರಿಟ್ಟರು. ನಮ್ಮ ಸೀಮೆಯ ಅಜ್ಜಿಯೊಬ್ಬಳ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಹೀಗೊಂದು ಭಾನುವಾರ, ಅಂಗಳದಲ್ಲಿ ಕೂತಿರುವಾಗ ವಿಡಿಯೊ ಕರೆ ಬಂತು. ಮೊತ್ ಮಾತಾಡಲಿಲ್ಲ, ಕ್ಯಾಮೆರಾವನ್ನು ಗೂಡಿನ ಕಡೆ ತಿರುಗಿಸಿದಳು. ಪುಕ್ಕಗಳ ನಡುವಿನ ಬಾಯಿಂದ ಒಂದು ಗೊದ್ದ ಹಿಂದೆ ಹಿಂದಕ್ಕೆ ನಡೆಯುತ್ತ ಹೊರಬಂತು. ಬಾಯಲ್ಲಿ ಹಸಿರು ಮಿನುಗುವ ಒಂದು ಹೊಸ ಜೀವ, ರೆಕ್ಕೆ ಇನ್ನೂ ಮಡಿಸಿತ್ತು. ಗೊದ್ದ ಅದನ್ನು ತೊಟ್ಟಿಯ ಅಂಚಿಗೆ ತಂದು ಇಟ್ಟು, ಮೀಸೆಯಿಂದ ಒಮ್ಮೆ ತಡವಿತು. ನಾನು ಫೋನನ್ನು ಅತ್ತೆಯ ಮುಖದ ಹತ್ತಿರ ಹಿಡಿದೆ. ಅವರು ಕಡಲೆಕಾಯಿಯ ಮೊರ ಪಕ್ಕಕ್ಕಿಟ್ಟು ಬಗ್ಗಿದರು.

"ಇದು ಹೆಣ್ಣಾ ಗಂಡಾ, ಕೇಳೇ."

ಗಂಡಿನ ಮೀಸೆ ಬಾಚಣಿಗೆಯಂತೆ ಹಲ್ಲುಹಲ್ಲು. ಮೊತ್ ಕ್ಯಾಮೆರಾ ಇನ್ನೂ ಹತ್ತಿರ ಒಯ್ದಳು. ಮೀಸೆ ನುಣ್ಣಗಿತ್ತು, ಸಾದಾ ದಾರದ ಹಾಗೆ.

"ಹೆಣ್ಣು ಅತ್ತೆ" ಎಂದೆ. "ಹೆಣ್ಣು!"

ಫೋನಿನಾಚೆ ಪಾ ಸೋಮ್ ಕೂಗುತ್ತಿದ್ದಳು, ಮೊತ್ ಅಳುತ್ತಿದ್ದಳು. ಅತ್ತೆ ಎರಡೂ ಕೈಯಿಂದ ಫೋನು ಹಿಡಿದುಕೊಂಡರು. ಅವರು ಕಣಜವನ್ನು ನೋಡುತ್ತಿರಲಿಲ್ಲ. ಅದನ್ನು ಇಳಿಸಿ ಬರಿಗೈಯಲ್ಲಿ ಗೂಡಿನ ಕಡೆ ನಡೆದುಹೋಗುತ್ತಿದ್ದ ಆ ಗೊದ್ದವನ್ನೇ ನೋಡುತ್ತಿದ್ದರು.

"ಇದ್ರ ಮಗೀನ್ ತಿಂದೇ ಬೆಳೆದೈತೆ. ಆದ್ರೂ ನೋಡು, ಎತ್ತಿ ತಂದು ಬೆಳಕಿಗೆ ಬುಟ್ಟೈತೆ" ಎಂದರು. ಆಮೇಲೆ ಫೋನಿಗೇ ಬಾಯಿಟ್ಟು, ಮೊತ್‌ಗೆ ಕನ್ನಡ ಬರುವುದಿಲ್ಲ ಎಂಬುದನ್ನು ಮರೆತು, ಜೋರಾಗಿ ಹೇಳಿದರು.

"ಲೇ ಉಡ್ಗೀ, ಅಳೋದ್ ಸಾಕು. ಎತ್ತಿ ಆಡ್ಸಿದ್ದು ಅವು. ಓಗಿ ಮೊದ್ಲು ಇರುವೆಗೆ ಉಣ್ಣಾಕಿಕ್ಕು."